ಗಿಟಾರಿನ ಹಿಂದಿನವನು

ಅಮಾವಾಸ್ಯೆಯ ದಿನ ಶಿರಾಳಕೊಪ್ಪದಲ್ಲಿ ಕಲ್ಯಾಣ ಮಂಟಪ ಕೇಳಿದ ತಕ್ಷಣ ಸಿಗುತ್ತದೆ. ಆ ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ನಿಶ್ಚಿತಾರ್ಥವನ್ನೂ ಇಟ್ಟುಕೊಳ್ಳುವುದಿಲ್ಲ. ನನ್ನ ಹೆಂಡತಿಯ ತಮ್ಮ ತನ್ನ ರಾಕ್ ಬ್ಯಾಂಡಿನ ಲೈವ್ ಆಲ್ಬಮ್ ಮಾಡಲು ಹಿಡಿದದ್ದು ಅಂಥದೇ ಒಂದು ಅಮಾವಾಸ್ಯೆಯನ್ನು. ನಾನು ಹೊಸ ಹಾರ್ಮೋನಿಯಂ ತರಲು ಹೊರಟ ದಿನ ರಾಹುಕಾಲ ಕಳೆಯುವವರೆಗೂ ಬಾಗಿಲಿಗೆ ಅಡ್ಡ ನಿಂತಿದ್ದ ನನ್ನ ಹೆಂಡತಿ ಈ ಅಮಾವಾಸ್ಯೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ನಾನೇ ಕೆಣಕಿ ಕೇಳಿದ್ದಕ್ಕೆ, "ಸಂಗೀತಕ್ಕೆ ಎಂಥ ಅಮಾಸೆ ರೀ?" ಅಂದಳು. ತಮ್ಮನದಾದರೆ ಸಂಗೀತ, ನನ್ನದಾದರೆ ಪೆಟ್ಟಿಗೆ.

ಹೊಟ್ಟೆಕಿಚ್ಚು ಅನ್ನುವುದನ್ನು ಬೇರೆಯವರು ಬೇರೆ ಹೆಸರಿನಲ್ಲಿ ಮುಚ್ಚಿಡುತ್ತಾರೆ. ಅಭಿಪ್ರಾಯಭೇದ ಅನ್ನುತ್ತಾರೆ, ಪರಂಪರೆಯ ಬಗ್ಗೆ ಕಾಳಜಿ ಅನ್ನುತ್ತಾರೆ. ನಾನೂ ಒಂದಷ್ಟು ದಿನ ಹಾಗೆ ಹೇಳಿ ನೋಡಿದೆ. ಕೇಳುವವರು ನಗುವುದನ್ನು ಕಂಡು ಬಿಟ್ಟುಬಿಟ್ಟೆ. ನನಗಿದ್ದದ್ದು ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಹುಡುಕುವ ಶ್ರಮ ನನಗೆ ಬೇಡ.

ಶಿಕಾರಿಪುರದಲ್ಲಿ ತಾಲ್ಲೂಕು ಕಚೇರಿಯ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ರೈತರಿಗೆ ಪಹಣಿ ತೆಗೆದುಕೊಡುವುದು, ಖಾತೆ ಬದಲಾವಣೆಗೆ ಅರ್ಜಿ ಬರೆಯುವುದು, ಇಷ್ಟರಲ್ಲಿ ಹಗಲು ಕಳೆಯುತ್ತದೆ. ಸಂಜೆಯಾದರೆ ಹಾರ್ಮೋನಿಯಂ. ಹುಡುಗನಾಗಿದ್ದಾಗ ಊರಿನಲ್ಲೇ ಇದ್ದ ಒಬ್ಬ ಹಿಂದೂಸ್ತಾನಿ ಗಾಯಕರ ಹತ್ತಿರ ಹಾಡು ಕಲಿಯಲು ಹೋಗಿದ್ದೆ. ಕಂಠ ಒಡೆದ ಮೇಲೆ ಅವರು ನನ್ನ ಮುಂದೆ ಪೆಟ್ಟಿಗೆ ಇಟ್ಟು, "ನಿನಗೆ ಕಿವಿ ಐತಿ, ಗಂಟಲು ಇಲ್ಲ. ಸಾಥ್ ಕೊಡು" ಅಂದರು. ಸಾಥ್ ಅಂದರೆ ಗಾಯಕರ ಬೆನ್ನ ಹಿಂದೆ ಕೂತು ಅವರು ಹಾಡಿದ್ದನ್ನು ಬೆರಳಲ್ಲಿ ಹಿಂಬಾಲಿಸುವುದು. ಅವರು ಒಂದು ಸ್ವರ ಮುಟ್ಟಿದರೆ ಅರ್ಧ ಉಸಿರು ತಡವಾಗಿ ನಾನೂ ಅದನ್ನು ಮುಟ್ಟಬೇಕು. ಮುಂದೆ ಹೋದರೆ ಉದ್ಧಟತನ, ತೀರ ಹಿಂದೆ ಬಿದ್ದರೆ ದಡ್ಡತನ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಆ ಖಾಲಿ ಜಾಗವನ್ನು ನಾನು ತುಂಬಬೇಕು. ಗುರುಗಳು ತೀರಿಕೊಳ್ಳುವವರೆಗೂ ನಾನು ಮಾಡಿದ್ದು ಇದನ್ನೇ. ಆಮೇಲೆ ಭಜನೆ, ದಾಸರ ಪದ, ಶಾಲೆಯ ವಾರ್ಷಿಕೋತ್ಸವ, ಯಾರು ಹಾಡಿದರೆ ಅವರ ಹಿಂದೆ.

ಮನೆಯಲ್ಲಿ ಇದನ್ನು ಕೇಳುವವರಿರಲಿಲ್ಲ. ಸಂಜೆ ನಾನು ತಿದಿ ಒತ್ತಿದ ಕೂಡಲೇ ಅಡುಗೆಮನೆಯಿಂದ ಕುಕ್ಕರ್ ಕೂಗುತ್ತಿತ್ತು, ಇಲ್ಲವೇ ಟಿವಿಯಲ್ಲಿ ಯಾವಳೋ ಸೊಸೆ ಅಳುತ್ತಿದ್ದಳು. "ಸ್ವಲ್ಪ ಬಾಗ್ಲು ಎಳ್ಕೊಳ್ರೀ" ಅನ್ನುತ್ತಿದ್ದಳು ನನ್ನ ಹೆಂಡತಿ. ಕೆಟ್ಟ ಮನಸ್ಸಿನಿಂದಲ್ಲ. ಫ್ಯಾನು ತಿರುಗುವ ಸದ್ದಿನ ಹಾಗೆ ಅವಳಿಗೆ ನನ್ನ ಪೆಟ್ಟಿಗೆ ಅಭ್ಯಾಸವಾಗಿ ಹೋಗಿತ್ತು. ನನಗೆ ಬೇಕಾಗಿದ್ದದ್ದು ಸನ್ಮಾನವಲ್ಲ, ಶಾಲು ಹಾರವಲ್ಲ. ಒಂದು ಸಲ, ಒಂದೇ ಒಂದು ಸಲ, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನು ಕೇಳಬೇಕು ಎನ್ನುವುದು. ಕೇಳಿ ಪಡೆಯುವ ವಸ್ತು ಅದಲ್ಲವಾದ್ದರಿಂದ ನಾನು ಕೇಳಿರಲಿಲ್ಲ.

ಅದೇ ಹೆಂಗಸು ತನ್ನ ತಮ್ಮ ಗಿಟಾರು ಹಿಡಿದು ಶ್ರುತಿ ಕೂಡಿಸುವುದನ್ನೂ ಬಾಯಿ ತೆರೆದು ನೋಡುತ್ತಿದ್ದಳು.

ಅವನದು ಸೊರಬದಲ್ಲಿ ಸೌಂಡ್ ಸರ್ವೀಸ್. ಗಣಪತಿ ಹಬ್ಬಕ್ಕೆ, ಮದುವೆಗೆ, ಪಕ್ಷದ ಸಭೆಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುತ್ತಾನೆ. ಗಿಟಾರನ್ನು ಯಾರ ಹತ್ತಿರವೂ ಕೂತು ಕಲಿತವನಲ್ಲ, ಫೋನು ನೋಡಿ ಕಲಿತವನು. ಮೂರು ವರ್ಷದ ಹಿಂದೆ ಜಡೆ ಊರಿನ ಒಬ್ಬ ಡ್ರಮ್ಸ್ ಬಾರಿಸುವವನನ್ನೂ ಶಿರಾಳಕೊಪ್ಪದ ಒಬ್ಬ ಕೀಬೋರ್ಡಿನವನನ್ನೂ ಸೇರಿಸಿಕೊಂಡು ಬ್ಯಾಂಡು ಕಟ್ಟಿದ. ಪ್ರೋಗ್ರೆಸಿವ್ ರಾಕ್ ಅಂತೆ. ಹಾಗಂದರೇನು ಎಂದು ಕೇಳಿದೆ.

"ಭಾವ, ಇದ್ರಲ್ಲಿ ಹಾಡು ಮೂರು ನಿಮಿಷಕ್ಕೆ ಮುಗಿಯೋದಿಲ್ಲ. ನಿಧಾನಕ್ಕೆ ಶುರುವಾಗ್ತದೆ, ಅರ್ಧ ಗಂಟೆ ಬೇಕಾದ್ರೂ ಹೋಗ್ತದೆ. ನಡುವೆ ತಾಳ ಬದಲಾಗ್ತದೆ, ಒಬ್ಬೊಬ್ರೇ ತಮ್ಮ ಮನಸ್ಸಿಗೆ ಬಂದಂಗೆ ಬೆಳೆಸ್ತಾರೆ, ಕೊನೇಲಿ ಸಿಕ್ಕಾಪಟ್ಟೆ ಜೋರಾಗ್ತದೆ."

"ಅದಕ್ಕೆ ನಾವು ಖ್ಯಾಲ್ ಅಂತೀವಪ್ಪ" ಅಂದೆ.

ಅವನಿಗೆ ಸಿಟ್ಟು ಬರಲಿ ಎಂದು ಹೇಳಿದ ಮಾತು ಅದು. ಅವನ ಕಣ್ಣು ಅರಳಿತು. ಮುಂದಿನ ಭಾನುವಾರ ಗಿಟಾರು ಹೆಗಲಿಗೆ ಹಾಕಿಕೊಂಡು ಬಂದು, "ಭಾವ, ನಂಗೊಂದು ಬಂದಿಶ್ ಹೇಳ್ಕೊಡಿ" ಅಂತ ಎದುರಿಗೆ ಕೂತ. ಭೀಮಪಲಾಸ್ ರಾಗದಲ್ಲಿ ಕಟ್ಟಿದ ಒಂದು ಹಾಡನ್ನು ಹೇಳಿಕೊಟ್ಟೆ. ನಾನು ಗುರುಗಳ ಮನೆಯಲ್ಲಿ ಒಂದು ಇಡೀ ಮಳೆಗಾಲ ಕೂತು ಪಡೆದದ್ದನ್ನು ಅವನು ನಾಲ್ಕು ಭಾನುವಾರದಲ್ಲಿ ಹೊಡೆದುಕೊಂಡು ಹೋದ. ಕಲಿಸಿದವನಿಗೆ ಖುಷಿಯಾಗಬೇಕು ತಾನೆ? ನನಗೆ ಎದೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

ಅದಕ್ಕೆ ಕಾರಣವೂ ಇತ್ತು. ಭೀಮಪಲಾಸಿನಲ್ಲಿ ಗಾಂಧಾರವನ್ನು ಸೀದಾ ಮುಟ್ಟುವಂತಿಲ್ಲ. ಮೇಲಿನ ಮಧ್ಯಮದಿಂದ ಜಾರಿಸಿಕೊಂಡು, ಮೆಲ್ಲಗೆ ಇಳಿಸಿ ತರಬೇಕು. ಕಂಠದಲ್ಲಿ ಅದು ಬರುತ್ತದೆ, ತಂತಿಯಲ್ಲೂ ಬರುತ್ತದೆ. ಹಾರ್ಮೋನಿಯಂನಲ್ಲಿ ಇರುವುದು ಬೆರಳಲ್ಲಿ ಒತ್ತುವ ಬಿಡಿ ಬಿಡಿ ಮನೆಗಳು. ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹಾರಬೇಕೇ ಹೊರತು ನಡುವೆ ಜಾರುವ ದಾರಿಯಿಲ್ಲ. ಆ ಜಾರುವಿಕೆಯನ್ನು ಕಿವಿಯಲ್ಲಿ ಇಟ್ಟುಕೊಂಡೇ, ಕೈಯಲ್ಲಿ ತರಲಾಗದೆ ನಾನು ತಲೆ ನರೆಸಿಕೊಂಡವನು. ಅವನು ಬೆರಳಿನ ತುದಿಯಿಂದ ತಂತಿಯನ್ನು ಸ್ವಲ್ಪ ಎಳೆದು ಬಿಟ್ಟ, ಬಂತು. ಹೆಂಡತಿ ಚಹಾ ತಂದವಳು ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು. "ಅಯ್ಯೋ, ಎಷ್ಟ್ ಚೆಂದ ಕಣೋ" ಅಂದಳು. ನನ್ನ ಚಹಾ ಅವಳ ಕೈಯಲ್ಲೇ ಆರಿತು.

ಆಮೇಲೆ ಆಲ್ಬಮಿನ ಮಾತು ಬಂತು. ಅದೇ ಬಂದಿಶನ್ನು ಇಟ್ಟುಕೊಂಡು ಒಂದು ಗಂಟೆಯ ಕಾರ್ಯಕ್ರಮ, ಜನರ ಮುಂದೆ ನುಡಿಸುವುದು, ಅಲ್ಲೇ ರೆಕಾರ್ಡು. ನಾನು ಮಾನ ಬಿಟ್ಟು ಕೇಳಿದೆ, "ನಂಗೂ ಒಂದ್ಕಡೆ ಜಾಗ ಇಡಪ್ಪ. ಒಂದೈದು ನಿಮಿಷ, ಒಬ್ನೇ ನುಡಿಸ್ತೀನಿ."

ಅವನು ಕಿವಿ ಕೆರೆದುಕೊಂಡ. "ಎಲ್ಲಾ ಅಳತೆ ಮಾಡಿ ಇಟ್ಟಾಗಿದೆ ಭಾವ. ಕಿವಿಯೊಳಗೆ ಟಿಕ್ ಟಿಕ್ ಅಂತ ಕ್ಲಿಕ್ ಬರ್ತಿರ್ತದೆ, ಅದ್ರ ಮೇಲೇ ಎಲ್ರೂ ಬಾರಿಸ್ಬೇಕು. ನಿಮಗೆ ಕಷ್ಟ ಆಗ್ತದೆ. ನೀವು ಶ್ರುತಿ ಹಿಡ್ಕಂಡು ಕೂತ್ರೆ ಸಾಕು. ಸ, ಪ. ಕೀಬೋರ್ಡಲ್ಲಿ ಹಾಕಿದ್ರೆ ಆ ಜೀವ ಬರೋದಿಲ್ಲ."

ಸ, ಪ. ಹಾರ್ಮೋನಿಯಂ ಕಲಿಯುವ ಮಗುವಿಗೆ ಮೊದಲನೆಯ ದಿನ ಹೇಳಿಕೊಡುವುದು ಅದನ್ನು. ಅಂಗೈಯಗಲದ ಎಲೆಕ್ಟ್ರಾನಿಕ್ ಡಬ್ಬಿಯೂ ಮಾಡುವ ಕೆಲಸ. ಆಗುವುದಿಲ್ಲ ಅನ್ನಬೇಕಿತ್ತು. ಅಷ್ಟರಲ್ಲಿ ಹೆಂಡತಿ, "ಒಪ್ಕೊಳ್ರೀ, ನನ್ ತಮ್ಮನ್ ಜೊತೆ ನೀವೂ ಒಂದ್ಕಡೆ ಕೂತ್ರೆ ಚೆಂದ ಕಾಣ್ತದೆ" ಅಂದಳು. ಒಪ್ಪಿಕೊಂಡೆ. ರಿಹರ್ಸಲ್‌ಗೆಂದು ವಾರವಾರವೂ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸೊರಬಕ್ಕೆ ಹೋದೆ. ಸ್ಪೀಕರು ತುಂಬಿದ ಗೋದಾಮಿನಲ್ಲಿ, ಕಿವಿಯಲ್ಲಿ ಆ ಟಿಕ್ ಟಿಕ್ ಸಿಕ್ಕಿಸಿಕೊಂಡು, ಎರಡು ಬೆರಳು ಎರಡು ಮನೆಯ ಮೇಲಿಟ್ಟು, ಎಡಗೈಯಲ್ಲಿ ತಿದಿ ಒತ್ತುತ್ತ ಕೂತೆ. ಡ್ರಮ್ಸಿನವನು ಒಮ್ಮೆ ಗೌರವದಿಂದಲೇ, "ನಿಮ್ದು ಆರಾಮಿನ ಕೆಲಸ ನೋಡ್ರಿ ಅಣ್ಣಾರೆ" ಅಂದ. ಅವನ ಕೋಲು ಮುರಿಯಬೇಕು ಅನ್ನಿಸಿತು.

ಅಮಾವಾಸ್ಯೆಯ ಮಧ್ಯಾಹ್ನ ಮಂಟಪ ತುಂಬಿತು. ಮದುವೆಯಿಲ್ಲದ ದಿನ ಮಂಟಪದ ಮುಂದೆ ಅಷ್ಟು ಜನರನ್ನು ಕಂಡು ಸಂತೆಗೆ ಬಂದವರೂ ಒಳಗೆ ಬಂದು ಕೂತರು. ಜಡೆಯಿಂದ ಡ್ರಮ್ಸಿನವನ ನೆಂಟರು ಒಂದು ಟೆಂಪೋ ಪೂರ್ತಿ ಬಂದಿದ್ದರು. ಕುಬಟೂರಿನಿಂದ ನಮ್ಮ ಕಡೆಯವರು, ಕಾಲೇಜಿನ ಹುಡುಗರು. ಕೊನೆಯ ಬಸ್ಸು ತಪ್ಪಬಾರದೆಂದು ಮೂರೂವರೆಗೇ ಶುರು ಮಾಡಿದರು. ಭೀಮಪಲಾಸಿಗೂ ಅದೇ ಹೊತ್ತು. ಬಸ್ಸಿನ ದೆಸೆಯಿಂದ ರಾಗದ ಕಾಲ ಸರಿಹೋಯಿತು ಎಂದು ನಾನು ಹೇಳಿದ ಹಾಸ್ಯಕ್ಕೆ ಯಾರೂ ನಗಲಿಲ್ಲ. ವಧೂವರರ ಸಿಂಹಾಸನ ಇಡುವ ಜಾಗದಲ್ಲಿ ಭಾವಮೈದುನ ನಿಂತ. ನನ್ನನ್ನು ಡ್ರಮ್ಸಿನ ಹಿಂದೆ, ಅಡುಗೆ ಕೋಣೆಗೆ ಹೋಗುವ ಬಾಗಿಲ ಪಕ್ಕ ಕೂರಿಸಿದರು. ನನಗೊಂದು ಮೈಕಿತ್ತು, ಆದರೆ ಅದರ ಸದ್ದನ್ನು ರೆಕಾರ್ಡಿಗೆ ಮಾತ್ರ ಬಿಟ್ಟಿದ್ದರು, ಸಭೆಗೆ ಬಿಟ್ಟಿರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಳು. ಆ ವಿಡಿಯೋವನ್ನು ಆಮೇಲೆ ನೋಡಿದ್ದೇನೆ. ಅದರಲ್ಲಿ ನನ್ನ ಮೊಣಕಾಲು ಕಾಣುತ್ತದೆ.

ನಡುವಿನಲ್ಲಿ ಒಂದು ಕಡೆ ಎಲ್ಲ ವಾದ್ಯಗಳೂ ನಿಲ್ಲುತ್ತಿದ್ದವು. ಕಿವಿಯ ಟಿಕ್ ಟಿಕ್ ಕೂಡ ನಿಲ್ಲುತ್ತಿತ್ತು. ಗಿಟಾರೊಂದೇ, ತಾಳವಿಲ್ಲದೆ, ನಿಧಾನವಾಗಿ ರಾಗವನ್ನು ಬಿಡಿಸಬೇಕು. ಕೆಳಗೆ ನನ್ನ ಸ, ಪ. ಅವನು ಶುರು ಮಾಡಿದ. ಚೆನ್ನಾಗಿಯೇ ಶುರು ಮಾಡಿದ, ಸುಳ್ಳು ಯಾಕೆ ಹೇಳಲಿ. ನಿಷಾದದಿಂದ ಷಡ್ಜಕ್ಕೆ ಬಂದ, ಅಲ್ಲಿಂದ ಮೇಲೆ ಹೋಗಿ ಮಧ್ಯಮದ ಮೇಲೆ ನಿಂತ. ಸಭೆ ಕೆಮ್ಮುವುದನ್ನು ನಿಲ್ಲಿಸಿತು. ಆಮೇಲೆ ಆ ಗಾಂಧಾರವನ್ನು ಜಾರಿಸಿ ಇಳಿಸಿದ, ನನ್ನ ಮೈಯೆಲ್ಲ ಉರಿಯಿತು. ನನ್ನ ರಾಗ, ನಾನು ಹೇಳಿಕೊಟ್ಟ ಜಾಗ, ನನ್ನ ಕೈಗೆ ಬಾರದೆ ಹೋದದ್ದು.

ಯಾವಾಗ ಹಾಗಾಯಿತೋ ತಿಳಿಯದು. ಕೆಳಗೆ ನೋಡಿಕೊಂಡಾಗ ನನ್ನ ಬೆರಳು ಪಂಚಮದ ಮೇಲಿರಲಿಲ್ಲ. ಅವನ ಹಿಂದೆ ಹೋಗಿತ್ತು. ಅವನು ಗಾಂಧಾರಕ್ಕೆ ಇಳಿದರೆ ಅರ್ಧ ಉಸಿರು ತಡವಾಗಿ ನನ್ನ ಬೆರಳೂ ಇಳಿಯುತ್ತಿತ್ತು. ಅವನು ನಿಂತರೆ ಆ ಜಾಗವನ್ನು ತುಂಬುತ್ತಿತ್ತು. ಇದು ಸಾಥ್ ಕೊಟ್ಟವರ ಕೈಗೆ ಅಂಟಿದ ರೋಗ. ಮುಂದೆ ಯಾರು ರಾಗ ಹಿಡಿದರೂ ಕೈ ಅವರ ಬೆನ್ನು ಹತ್ತುತ್ತದೆ, ಯಜಮಾನನ ಅಪ್ಪಣೆ ಕೇಳುವುದಿಲ್ಲ. ಗುರುಗಳಿಗೆ ಕೊಟ್ಟದ್ದನ್ನು ಈ ಮೈಕು ಬಾಡಿಗೆಯವನಿಗೆ ಕೊಡುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆದರೂ ನಿಲ್ಲಿಸಲಾಗಲಿಲ್ಲ. ಡ್ರಮ್ಸು ಮತ್ತೆ ಶುರುವಾದಾಗ ನನ್ನ ಸ, ಪ ಮನೆಗಳಿಗೆ ವಾಪಸು ಬಂದೆ. ಸಭೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಜನ ವೇದಿಕೆ ಹತ್ತಿ ಅವನ ಕೈ ಕುಲುಕಿದರು. ಡ್ರಮ್ಸಿನವನ ಅಜ್ಜ, "ನಮ್ ಡೊಳ್ಳು ಕುಣಿತಕ್ಕಿಂತ ಒಂದ್ ಕೈ ಮೇಲೈತಿ" ಅಂತ ಮೊಮ್ಮಗನ ಬೆನ್ನು ತಟ್ಟಿದ. ನಾನು ಪೆಟ್ಟಿಗೆಗೆ ಬಟ್ಟೆ ಸುತ್ತಿದೆ.

ಕೆಲವು ದಿನ ಬಿಟ್ಟು ಭಾವಮೈದುನ ಫೋನು ಮಾಡಿದ. "ಭಾವ, ನಡುವೆ ನೀವು ಶ್ರುತಿ ಬಿಟ್ಟು ಬೇರೆ ಎಂತದೋ ನುಡಿಸೀರಿ."

ಬೈಸಿಕೊಳ್ಳಲು ತಯಾರಾದೆ. "ತೆಗೆದ್ಹಾಕಪ್ಪ, ಕೈ ತಪ್ತು" ಅಂದೆ.

"ಎಂತಕ್ಕೆ ತೆಗೆಯೋದು? ಒಳ್ಳೇದಿದೆ. ಸ್ವಲ್ಪ ಗುಂಯ್ ಅನ್ನೋ ಹಂಗೆ ಮಾಡಿ, ದೂರದಿಂದ ಬಂದಂಗೆ ಇಟ್ಟೀನಿ."

ಇದೇ ಅವನ ತೊಂದರೆ. ಅವನು ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ಯಾವಾಗಲೂ ನನ್ನನ್ನು ಭಾವ, ಭಾವ ಎಂದು ಮುಂದೆ ತಳ್ಳುವವನ ಮೇಲೆ ಹಲ್ಲು ಕಡಿಯುವುದು ಎಂಥ ಕಷ್ಟದ ಕೆಲಸ ಎಂದು ಅನುಭವಿಸಿದವರಿಗೇ ಗೊತ್ತು.

ಈಗಿನ ಆಲ್ಬಮ್ ಅಂದರೆ ಕೈಯಲ್ಲಿ ಹಿಡಿಯುವ ವಸ್ತುವಲ್ಲ. ಒಂದು ದಿನ ಅದು ಎಲ್ಲರ ಫೋನಿಗೆ ಬಂತು, ಅಷ್ಟೇ. ನನ್ನ ಹೆಂಡತಿ ಬೆಳಗ್ಗೆ ಅಡುಗೆಮನೆಗೆ ಹೋದ ಕೂಡಲೇ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅದನ್ನು ಹಚ್ಚತೊಡಗಿದಳು. ಅಂಗಡಿಯಲ್ಲೂ ಅದೇ. ಪಹಣಿಗೆ ಬಂದವರು, "ಆ ಗಿಟಾರಿನೋರು ನಿಮ್ ಬಾಮೈದರಂತೆ ಹೌದೇನ್ರೀ?" ಎಂದು ಕೇಳುತ್ತಿದ್ದರು. ಪ್ರಿಂಟರು ಕೆಟ್ಟಿದೆ ಎಂದು ಅಂಥವರಲ್ಲಿ ಒಬ್ಬಿಬ್ಬರನ್ನು ಮಧ್ಯಾಹ್ನದವರೆಗೆ ಕಾಯಿಸಿದ್ದೇನೆ.

ಒಂದು ಬೆಳಗ್ಗೆ ಚಹಾಕ್ಕೆಂದು ಅಡುಗೆಮನೆಯ ಬಾಗಿಲಿಗೆ ಹೋದೆ. ಆ ನಡುವಿನ ಭಾಗ ಬರುತ್ತಿತ್ತು. ಗಿಟಾರು ಗಾಂಧಾರಕ್ಕೆ ಇಳಿದು ನಿಂತಿತು, ಅದರ ಹಿಂದೆ, ಎಲ್ಲೋ ದೂರದಿಂದ, ಅದೇ ಸ್ವರ ಇನ್ನೊಮ್ಮೆ ಬಂತು. ಹಾರ್ಮೋನಿಯಂ ಎಂದು ಯಾರೂ ಹೇಳುವಂತಿರಲಿಲ್ಲ. ಗಿಟಾರಿನ ಜಾರುವಿಕೆ ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಶುರುವಾಯಿತು ನನಗೇ ತಿಳಿಯಲಿಲ್ಲ. ಜನ್ಮವೆಲ್ಲ ನನ್ನ ಪೆಟ್ಟಿಗೆಗೆ ಬಾರದಿದ್ದ ಜಾರುವಿಕೆ ಅವನ ಬಾಲ ಹಿಡಿದುಕೊಂಡು ಬಂದಿತ್ತು.

ನನ್ನ ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಹಿಟ್ಟಿನ ಮೇಲೆ ಅಂಗೈ ಹಾಗೇ ಇತ್ತು. ಕಣ್ಣು ಮುಚ್ಚಿದ್ದಳು. ಕಾವಲಿಯ ಮೇಲಿದ್ದ ರೊಟ್ಟಿ ಸೀದು ಹೊಗೆ ಬಂದರೂ ಅವಳಿಗೆ ಗೊತ್ತಾಗಲಿಲ್ಲ. ಮುಗಿದ ಮೇಲೆ ಹಿಟ್ಟಿನ ಬೆರಳಿನಿಂದಲೇ ಫೋನು ಮುಟ್ಟಿ ಅದೇ ಜಾಗಕ್ಕೆ ವಾಪಸು ಹೋದಳು. ಆಮೇಲೆ ನನ್ನನ್ನು ನೋಡಿದಳು.

"ಇಲ್ಲಿ ಕೇಳ್ರೀ. ಗಿಟಾರು ಮುಗೀತು ಅನ್ನೋವಾಗ ಹಿಂದಿಂದ ಒಂದು ಬರ್ತದಲ್ಲ, ಎದೆ ಹಿಂಡಿದಂಗಾಗ್ತದೆ. ಅದೆಂಥ ಮಷೀನು ಇಟ್ಟಿದಾನೋ ಪುಣ್ಯಾತ್ಮ."

ಅದು ನಾನೇ ಎಂದು ಹೇಳಲು ಹೊರಟವನು ತಡೆದುಕೊಂಡೆ. ಹೇಳದಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ನಾನು ಬಯಸಿದ್ದು ಕಣ್ಣೆದುರಿಗೆ ನಡೆಯುತ್ತಿತ್ತು, ಇನ್ನಷ್ಟು ನಡೆಯಲಿ ಅನ್ನಿಸಿತು. ಒಳ್ಳೆಯ ದಿನ ನೋಡಿ ಹೇಳೋಣ, ಅವಳ ಮುಖ ಹೇಗಾಗುತ್ತದೆ ನೋಡೋಣ ಎಂದು ಎತ್ತಿಟ್ಟುಕೊಂಡೆ. ಅಂದಿನಿಂದ ದಿನಾ ಆ ಹೊತ್ತಿಗೆ ಚಹಾದ ನೆಪ ಮಾಡಿಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದೆ. ದಿನಾ ಅವಳ ಕೈ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ದಿನಾ ಅವಳು ಅದರ ಪುಣ್ಯವನ್ನು ತಮ್ಮನಿಗೆ ಕೊಡುತ್ತಿದ್ದಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿಸಿಕೊಂಡು ನಾನು ಚಹಾ ಕುಡಿಯುತ್ತಿದ್ದೆ. ಅಂತರ್ಜಾಲದಲ್ಲಿ ಯಾರೋ, ಆ ಪ್ರತಿಧ್ವನಿಗೆ ಗಿಟಾರಿನವರು ಕಾಲಲ್ಲಿ ಒತ್ತುವ ಯಾವ ಪೆಡಲ್ ಬಳಸಿದ್ದೀರಿ ಎಂದು ಕೇಳಿದ್ದನ್ನೂ ನೋಡಿದೆ. ಪೆಡಲ್ ನಾನೇ ಕಣಯ್ಯಾ, ಶಿಕಾರಿಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ ಎಂದು ಬರೆದು, ಅಳಿಸಿದೆ.

ಗೌರಿ ಹಬ್ಬಕ್ಕೆ ಭಾವಮೈದುನ ತವರಿನ ಬಾಗಿನ ಹಿಡಿದುಕೊಂಡು ಬಂದ. ಹೇಳುವುದಕ್ಕೆ ಇದೇ ದಿನ ಎಂದು ನಾನು ಬೆಳಗ್ಗೆಯೇ ನಿಶ್ಚಯಿಸಿದ್ದೆ. ಊಟವಾಗಲಿ, ಎಲೆ ಅಡಿಕೆ ಹಾಕಿಕೊಳ್ಳುವಾಗ ಮೆಲ್ಲಗೆ ಪೆಟ್ಟಿಗೆ ತೆಗೆದು, ಮಾತಿಲ್ಲದೆ ಅದನ್ನೇ ನುಡಿಸುವುದು ಎಂದು ಲೆಕ್ಕ ಹಾಕಿದ್ದೆ. ಹೋಳಿಗೆ ಬಡಿಸುತ್ತಿದ್ದ ನನ್ನ ಹೆಂಡತಿ ತಮ್ಮನಿಗೆ, "ಅಲ್ಲ ಕಣೋ, ಆ ಹಿಂದಿಂದ ಬರೋದು ನಿಂಗೆ ಹೆಂಗೆ ಹೊಳೀತು? ದಿನಾ ಕೇಳ್ತೀನಿ ನಾನು" ಅಂದಳು.

ಅವನು ತುತ್ತು ಬಾಯಲ್ಲಿಟ್ಟುಕೊಂಡೇ ನನ್ನ ಕಡೆ ನೋಡಿದ. "ಅಕ್ಕಾ, ಅದು ಭಾವ ನುಡಿಸಿದ್ದಲ್ದಾ? ಹಾರ್ಮೋನಿಯಮ್ಮು. ನಿಂಗೆ ಗೊತ್ತಿಲ್ವಾ?"

ನಾನು ಜತನ ಮಾಡಿಟ್ಟದ್ದನ್ನು ಹೋಳಿಗೆ ಅಗಿಯುತ್ತ ಹೇಳಿ ಮುಗಿಸಿದ. ಹೇಳುವ ಸುಖವೂ ಅವನ ಪಾಲಿಗೇ ಹೋಯಿತು. ತುಪ್ಪದ ಮಿಳ್ಳೆಯನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

"ನೀವಾ?" ಅಂದಳು ಹೆಂಡತಿ. ಅವಳ ಮುಖ ಅರಳಿತು, ಅದಕ್ಕೇನೂ ಕಡಿಮೆಯಿಲ್ಲ. "ಅಯ್ಯೋ, ನಿಮ್ದಾ ಅದು! ಮತ್ತೆ ಎಂತಕ್ರೀ ಹೇಳ್ಲಿಲ್ಲ ಇಷ್ಟ್ ದಿನ?" ಎಂದು ನಕ್ಕು ನನಗೆ ಇನ್ನೊಂದು ಹೋಳಿಗೆ ಹಾಕಿದಳು. ಕೈ ತೊಳೆದ ಮೇಲೆ ಸೊರಬಕ್ಕೆ ಫೋನು ಮಾಡಿ ಅವ್ವನಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು. "ನಮ್ಮನೆಯೋರ್ದೇ ಅದು" ಎಂದು ಅವಳು ಹೇಳುವುದನ್ನು ನಾನು ಹಾಲಿನಲ್ಲಿ ಕೂತು ಕೇಳಿದೆ. ಅಂದು ಇಡೀ ಮಧ್ಯಾಹ್ನ ನನಗೆ ಭಾವಮೈದುನನ ಮೇಲೆ ಸಿಟ್ಟಿರಲಿಲ್ಲ. ಅವನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬಂದೆ.

ಹಬ್ಬವೆಲ್ಲ ಕಳೆದ ಮರುದಿನ ಬೆಳಗ್ಗೆ ಎಂದಿಗಿಂತ ಬೇಗ ಹೋಗಿ ಹೊಸ್ತಿಲ ಮೇಲೆ ಕೂತೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಆ ಜಾಗ ಬಂತು. ಗಿಟಾರು ಇಳಿದು ನಿಂತಿತು. ಹಿಂದಿನಿಂದ ಅದು ಬಂತು.

ಅವಳು ತಲೆಯೆತ್ತಿ ನನ್ನನ್ನು ನೋಡಿ ಪ್ರೀತಿಯಿಂದಲೇ ನಕ್ಕಳು. "ಬಂತು ನೋಡಿ ನಿಮ್ದು" ಅಂದಳು. ಕೈ ರೊಟ್ಟಿ ತಟ್ಟುತ್ತಲೇ ಇತ್ತು. ಕಾವಲಿಯ ಮೇಲಿದ್ದದ್ದನ್ನು ಸರಿಯಾದ ಹೊತ್ತಿಗೆ ಮಗುಚಿ ಹಾಕಿದಳು, ಸೀಯಲಿಲ್ಲ. ಫೋನನ್ನು ಹಿಂದಕ್ಕೆ ಹಾಕಲಿಲ್ಲ.

ಅದರ ಮರುದಿನವೂ ಹಾಗೇ. ಈಗ ಆಲ್ಬಮ್ ಹಚ್ಚಿದರೂ ಅದು ಅವಳ ಕೆಲಸದ ಜೊತೆ ತನ್ನಷ್ಟಕ್ಕೆ ನಡೆಯುತ್ತದೆ, ಆ ಜಾಗ ಬಂದಾಗ ನನಗೊಂದು ನಗು ಸಿಗುತ್ತದೆ. ಅದು ನಾನೆಂದು ಅವಳಿಗೆ ತಿಳಿಯುವ ಮುಂಚೆ ಹೆಸರಿಲ್ಲದವನೊಬ್ಬ ಗಿಟಾರಿನ ಹಿಂದೆ ಕೂತು ಒಂದಷ್ಟು ದಿನ ನನ್ನ ಹೆಂಡತಿಯ ಕೈ ನಿಲ್ಲಿಸಿದ್ದ, ಕಣ್ಣು ಮುಚ್ಚಿಸಿದ್ದ, ರೊಟ್ಟಿ ಸೀಯಿಸಿದ್ದ. ಭಾವಮೈದುನನ ಮೇಲೆ ಇಷ್ಟು ವರ್ಷ ಪಟ್ಟ ಹೊಟ್ಟೆಕಿಚ್ಚೆಲ್ಲ ಏನೂ ಅಲ್ಲ, ಆ ಮನುಷ್ಯನನ್ನು ನೆನೆದರೆ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ.